ಮನೆಯ ಮಾತು: ತೊಗರಿಯ ಕಾಟಾದ ಮೇಲೆ

ಈ ತಿಂಗಳು ಚಳಿಗಾಲದ ಕೆಮ್ಮು ನೆಗಡಿಗಳ ವಿಷಯವಾಗಿ ಬರೆಯುವೆನೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆನು. ಆ ಮಾತನ್ನು ಈ ಸಾರಿ ನಡೆಸಲಾರದೆ ಹೋದುದಕ್ಕೆ ವಾಚಕ ಸೋದರ ಸೋದರಿಯರು ಕ್ಷಮಿಸಬೇಕು. ಎಳ್ಳಮಾವಾಸ್ಯೆಗೆಂದು ತಂಗಿಯ ಊರಿಗೆ ಹೋಗಿದ್ದೆನು. ಅಲ್ಲಿ ಕಂಡ ಸಂಗತಿಯು ಮನಸ್ಸಿನಿಂದ ಸರಿಯಲೊಲ್ಲದು. ಅದನ್ನು ಬರೆದು ಮುಗಿಸಿದ ಹೊರತು ಬೇರೆ ವಿಷಯಕ್ಕೆ ಲೇಖನಿಯು ಏಳದು.

ತಂಗಿಯನ್ನು ಕೊಟ್ಟ ಊರು ಐನಾಪುರ. ಕಾಗವಾಡದ ಕಡೆಯ ಐನಾಪುರವಲ್ಲ, ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನದು. ನಾನು ಹೋದಾಗ ತೊಗರಿಯ ರಾಶಿಯ ಕಾಲ. ಅಂಗಳದಲ್ಲಿ ಚೀಲಗಳನ್ನು ಒಟ್ಟಿದ್ದರು. ಅವನ್ನು ತೂಗುವ ಕಾಟಾ ಪಡಸಾಲೆಯ ಬದಿಗೆ ನಿಂತಿದ್ದಿತು. ಹೋದ ಮರುದಿನ ಬೆಳಗಿನ ಜಾವದಲ್ಲಿ ಸಪ್ಪಳ ಕೇಳಿ ಎಚ್ಚರಾಯಿತು. ಹೊರಗೆ ಬಂದು ನೋಡುತ್ತೇನೆ: ಆ ಕಾಟಾದ ಮೇಲೆ, ಚೀಲವಿಡುವ ಹಲಗೆಯಲ್ಲಿ, ಚಳಿಯಲ್ಲಿ ನಡುಗುತ್ತ ನನ್ನ ತಂಗಿ ನಿಂತಿದ್ದಾಳೆ. ಅವಳ ಯಜಮಾನರು ಮೊಬೈಲಿನ ಬೆಳಕು ಹಿಡಿದು ಅಂಕಿಯನ್ನು ನೋಡುತ್ತಿದ್ದಾರೆ.

"ಎಷ್ಟಾತು?" ಎಂದು ಒಳಗಿನಿಂದ ಅತ್ತೆಯವರ ದನಿ.

"ನೂರಾ ಮೂರು. ಅಷ್ಟೇ ಅದ."

"ಇವತ್ತೂ ಅಷ್ಟೇ ಏನು?"

ತಂಗಿಯು ತಲೆ ತಗ್ಗಿಸಿ ಕೆಳಗಿಳಿದಳು. ನನ್ನನ್ನು ಕಂಡು, "ಅಕ್ಕಾ, ನಂದು ಕೆಟ್ಟಿತೇನು?" ಎಂದಳು. ಅವಳಿಗೆ ವಯಸ್ಸು 42. ಎತ್ತರ ಐದು ಅಡಿ. ಐದು ವಾರಗಳ ಹಿಂದೆ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿದ್ದಿತು. ಆಗ ಅವಳ ತೂಕ 112 ಕಿಲೋ. ಮೊದಲಿನ ಮೂರು ವಾರಗಳಲ್ಲಿ ಒಂಬತ್ತು ಕಿಲೋ ಇಳಿಯಿತು. ಮನೆಯವರೆಲ್ಲರೂ ಹಿಗ್ಗಿದರು. ಆಮೇಲೆ ಎರಡು ವಾರಗಳಿಂದ ಅಂಕಿಯು ನೂರಾ ಮೂರನ್ನು ಬಿಟ್ಟು ಕದಲಲೊಲ್ಲದು. ಎರಡು ವರ್ಷದ ತೊಗರಿಯ ಹಣ ಇದಕ್ಕೆ ಹೋಗಿದೆ. ಅವಳ ಯಜಮಾನರು ಕೆಟ್ಟವರಲ್ಲ. ಆದರೆ ಹಣ ಸುರಿದವನ ಕಣ್ಣು ಅಂಕಿಯ ಕಡೆಗೆ ಓಡುವುದು ಸಹಜವಷ್ಟೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ಪ್ರತಿ ಸಾರಿ ದೂರವಾಣಿಯಲ್ಲಿ ಮಾತಾಡುವಾಗ ಮೊದಲು "ಎಷ್ಟು ಇಳಿಯಿತು?" ಎಂದು ಕೇಳುತ್ತಿದ್ದವರಲ್ಲಿ ನಾನೂ ಒಬ್ಬಳು.

ಈ ಚಿಕಿತ್ಸೆಯ ವಿಷಯವು ಇನ್ನೂ ಬಹಳ ಮನೆಗಳಲ್ಲಿ ಸ್ಪಷ್ಟವಾಗಿಲ್ಲವಾದುದರಿಂದ ನಾಲ್ಕು ಮಾತು ಹೇಳಿ ಮುಂದೆ ಹೋಗುವೆನು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯದ ಶಸ್ತ್ರಕ್ರಿಯೆಯೇ ಬೇರೆ, ಇದೇ ಬೇರೆ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ವಾರ್ತೆಯನ್ನು ಓದಿದವರು ಎರಡನ್ನೂ ಒಂದೇ ಎಂದು ತಿಳಿದು ಅಂಜುವುದುಂಟು. ನನ್ನ ತಂಗಿಗೆ ಆದುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಕ್ರಿಯೆ. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ದುರ್ಬೀನಿನ ಸಹಾಯದಿಂದ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕೊಯ್ದು ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ನಳಿಗೆ ಮಾತ್ರ. ಕರುಳನ್ನು ತಿರುಗಿಸಿ ಜೋಡಿಸುವ ಬೈಪಾಸ್ ಎಂಬ ಇನ್ನೊಂದು ಕ್ರಮವುಂಟು. ಅದನ್ನು ಅಮೇರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬ ವೈದ್ಯರು 1966ರಲ್ಲಿ ಆರಂಭಿಸಿದರು. ಕೊಯ್ದು ತೆಗೆದ ಜಠರದ ಮೇಲ್ಭಾಗದಲ್ಲಿಯೇ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವು ಹೆಚ್ಚಾಗಿ ಹುಟ್ಟುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಅದನ್ನು ಕಂಡುಹಿಡಿದರು. ಆದುದರಿಂದ ಈ ಕ್ರಿಯೆಯಾದವರಿಗೆ ಊಟವು ಹಿಡಿಸುವುದು ಮಾತ್ರ ಕಡಿಮೆಯಲ್ಲ, ಹಸಿವೂ ಕಡಿಮೆ. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ್ ಜೇಟ್ಲಿಯವರು 2014ರಲ್ಲಿ ಇಂಥ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ನಮ್ಮ ದೇಶದಲ್ಲಿ ಇದರ ಹೆಸರು ಹಳ್ಳಿಗಳವರೆಗೂ ಬಂದಿತು. ದಪ್ಪಗಿರುವವರಿಗೆಲ್ಲ ಇದು ತಕ್ಕದ್ದಲ್ಲ. ತೂಕವು ಬಹಳ ಮಿತಿಮೀರಿದವರಿಗೆ, ಸಕ್ಕರೆ ರೋಗ ಮೊದಲಾದವು ಜೊತೆಗೂಡಿದವರಿಗೆ ವೈದ್ಯರು ಹೇಳುತ್ತಾರೆ. ನನ್ನ ತಂಗಿಗೆ ಸಕ್ಕರೆ ರೋಗಕ್ಕೆ ದಿನಕ್ಕೆರಡು ಸಾರಿ ಸೂಜಿ. ಮೊಳಕಾಲು ಹಿಡಿದು ನೆಲದ ಮೇಲೆ ಕುಳಿತರೆ ಏಳಲಾರದ ಸ್ಥಿತಿ.

ಇರಲಿ. ಆ ಬೆಳಗ್ಗೆ ಅವಳನ್ನು ಕರೆದುಕೊಂಡು ಒಳಗೆ ಕುಳಿತು, ಏನು ತಿನ್ನುತ್ತೀ ಎಂದು ಕೇಳಿದೆನು. ಮೊದಲು ಹೇಳಲೊಲ್ಲಳು. ಆಮೇಲೆ ಒಂದೊಂದಾಗಿ ಹೊರಬಿದ್ದಿತು. ಅಂಕಿ ನಿಂತ ದಿನದಿಂದ ಅವಳು ಬೇಳೆಯ ಗಟ್ಟಿಯನ್ನು ಬಿಟ್ಟಿದ್ದಾಳೆ. ಮೊಸರನ್ನು ಬಿಟ್ಟಿದ್ದಾಳೆ. ಆಸ್ಪತ್ರೆಯವರು ಕೊಟ್ಟ ಪ್ರೋಟೀನ್ ಪುಡಿಯನ್ನು, 'ಇದರಿಂದಲೇ ತೂಕ ನಿಂತಿರಬಹುದು' ಎಂದು ಕಪಾಟಿನಲ್ಲಿಟ್ಟಿದ್ದಾಳೆ. ದಿನಕ್ಕೆ ಎರಡು ಲೋಟ ಗಂಜಿಯ ತಿಳಿ, ಎರಡು ಚಹಾ. ನೀರು ಕುಡಿದರೂ ತೂಕ ಬಂದೀತೆಂದು ನೀರಿಗೂ ಮಿತಿ. ಗುಳಿಗೆಗಳು 'ಉಷ್ಣ'ವೆಂದು ಯಾರೋ ಹೇಳಿದ್ದರಿಂದ ಅವೂ ನಿಂತಿವೆ. ಅವಳೊಡನೆ ಅದೇ ದಿನ ಶಸ್ತ್ರಕ್ರಿಯೆಯಾದ ಝಹೀರಾಬಾದಿನ ಕಡೆಯ ಹೆಂಗಸೊಬ್ಬಳು ದೂರವಾಣಿಯಲ್ಲಿ ಮಾತಾಡುವುದುಂಟಂತೆ. ಆಕೆಗೆ ಹದಿನಾಲ್ಕು ಕಿಲೋ ಇಳಿದಿದೆಯಂತೆ. "ಆಕಿಗಿ ಹದಿನಾಲ್ಕು, ನನಗ ಒಂಬತ್ತು" ಎಂಬ ಲೆಕ್ಕವು ಇವಳ ತಲೆಯಲ್ಲಿ ಹಗಲೂ ರಾತ್ರಿಯೂ ತಿರುಗುತ್ತಿದೆ. ಆ ಹೆಂಗಸು ಶಸ್ತ್ರಕ್ರಿಯೆಗೆ ಮುಂಚೆ ಎಷ್ಟಿದ್ದಳೆಂದು ಕೇಳಿದೆನು. ನೂರಾ ನಲವತ್ತು! ಹೆಚ್ಚು ತೂಕದಿಂದ ಹೊರಟವರಿಗೆ ಮೊದಲ ವಾರಗಳಲ್ಲಿ ಹೆಚ್ಚು ಕಿಲೋ ಇಳಿಯುವುದು ಸಾಮಾನ್ಯ. ಲೆಕ್ಕವಿಟ್ಟು ನೋಡಿದರೆ ಇಬ್ಬರದೂ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲೇ ಸರಿ.

ಎಲ್ಲಕ್ಕಿಂತ ನನ್ನ ಎದೆ ಝಲ್ಲೆಂದದ್ದು ಕೊನೆಗೆ ಅವಳು ಹೇಳಿದ ಮಾತಿಗೆ: ಮೂರು ದಿನಗಳಿಂದ ಕುಡಿದದ್ದೂ ವಾಂತಿಯಾಗುತ್ತಿದ್ದಿತು. ಮೂತ್ರವು ಕಡಿಮೆಯಾಗಿ ಬಣ್ಣ ಕೆಂಪೇರಿದ್ದಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಏತಕ್ಕೆಂದರೆ, ವಾಂತಿಯಾದರೆ ತೂಕ ಇಳಿದೀತೆಂಬ ಆಸೆ.

ಸೋದರಿಯರೇ, ಈ ಮಾತನ್ನು ದಯಮಾಡಿ ಎರಡು ಸಾರಿ ಓದಿರಿ. ಇಂಥ ಶಸ್ತ್ರಕ್ರಿಯೆಯಾದವರಲ್ಲಿ ವಾಂತಿಯು ದಿನಗಟ್ಟಲೆ ನಡೆದು, ಊಟವೂ ಗುಳಿಗೆಯೂ ನಿಂತರೆ, ಶರೀರದಲ್ಲಿರುವ ಥಯಮಿನ್ ಎಂಬ ಜೀವಸತ್ವವು ಕೆಲವು ವಾರಗಳಲ್ಲಿಯೇ ತೀರಿಹೋಗುತ್ತದೆ. ಅದರ ದಾಸ್ತಾನು ಶರೀರದಲ್ಲಿ ಬಹಳವಿರುವುದಿಲ್ಲ. ಅದು ತೀರಿದರೆ ಕಣ್ಣಿನ ಚಲನೆ ಕೆಡುವುದು, ನಡಿಗೆ ತೂರಾಡುವುದು, ಬುದ್ಧಿಗೆ ಭ್ರಮೆ ಕವಿಯುವುದು. ಚಿಕಿತ್ಸೆ ತಡವಾದರೆ ಮಿದುಳಿಗಾದ ಕೇಡು ಜನ್ಮಕ್ಕೆ ಉಳಿಯುವುದೂ ಉಂಟು. ತೂಕವು ನಿಧಾನವಾಗಿ ಇಳಿದುದರಿಂದ ಸತ್ತವರನ್ನು ನಾನು ಕೇಳಿಲ್ಲ. ನಿಧಾನವಾಯಿತೆಂದು ಅಂಜಿ ಮಾಡಿಕೊಳ್ಳುವ ಉಪವಾಸವೇ ಮನುಷ್ಯನನ್ನು ಅಪಾಯಕ್ಕೆ ಒಯ್ಯುವುದು. ಆ ಕ್ಷಣವೇ ಆಸ್ಪತ್ರೆಗೆ ದೂರವಾಣಿ ಮಾಡಿಸಿದೆನು. ನಾಳೆಯೇ ಕರೆತನ್ನಿರಿ ಎಂದರು. ಮರುದಿನ ಬೆಳಗಾಗುವ ಮುಂಚೆ ತಾಂಡೂರಿನ ದಾರಿ ಹಿಡಿದು ಹೈದರಾಬಾದಿಗೆ ಹೋದೆವು. ರಕ್ತ ಪರೀಕ್ಷೆ ಮಾಡಿ, ಹೊಲಿಗೆಯ ಜಾಗದಲ್ಲಿ ಸೋರಿಕೆಯಾಗಲಿ ನಳಿಗೆಯಲ್ಲಿ ಅಡಚಣೆಯಾಗಲಿ ಇಲ್ಲವೆಂದು ನೋಡಿ, ಥಯಮಿನ್ನನ್ನೂ ಲವಣದ ನೀರನ್ನೂ ನರಕ್ಕೆ ಏರಿಸಿದರು. ಸಂಜೆಯ ವೇಳೆಗೆ ಅವಳ ಮುಖಕ್ಕೆ ಕಳೆ ಬಂದಿತು.

ಹಾಗಾದರೆ ಅಂಕಿಯು ನಿಂತದ್ದೇಕೆ? ಅಲ್ಲಿನ ಆಹಾರ ತಜ್ಞೆಯು ಸಮಾಧಾನವಾಗಿ ತಿಳಿಸಿದಳು. ನಾನು ನಮ್ಮ ಕಡೆಯ ಮಾತಿಗೆ ತಿರುಗಿಸಿ ಹೇಳುವೆನು.

ನಮ್ಮ ಹಿರಿಯರ ಮನೆಗಳಲ್ಲಿ ಜೋಳವನ್ನು ಎರಡು ಕಡೆ ಇಡುತ್ತಿದ್ದರು. ದಿನದ ಉಪಯೋಗಕ್ಕೆ ಅಡಿಗೆಮನೆಯ ಗಡಿಗೆಯಲ್ಲಿ ಒಂದಿಷ್ಟು, ಬರಗಾಲಕ್ಕೆಂದು ನೆಲದೊಳಗಿನ ಹಗೇವಿನಲ್ಲಿ ಮಿಕ್ಕದ್ದು. ಶರೀರದಲ್ಲಿಯೂ ಹಾಗೆಯೇ ಇದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟದಂಥ ವಸ್ತುವು ಸುಮಾರು ಅರ್ಧ ಕಿಲೋದಷ್ಟು ಇರುತ್ತದೆ. ಇದು ಅಡಿಗೆಮನೆಯ ಗಡಿಗೆ. ಇದರ ಒಂದು ಪಾಲಿಗೆ ಸುಮಾರು ಮೂರು ಪಾಲು ನೀರು ಅಂಟಿಕೊಂಡಿರುತ್ತದೆ. ಊಟ ಒಮ್ಮೆಲೆ ಕಡಿಮೆಯಾದಾಗ ಶರೀರವು ಮೊದಲು ಈ ಗಡಿಗೆಗೆ ಕೈ ಹಾಕುತ್ತದೆ. ಗ್ಲೈಕೊಜೆನ್ನಿನೊಡನೆ ಅದರ ನೀರೂ ಹೊರಟು ಕಾಟಾದ ಅಂಕಿಯು ಸರಸರನೆ ಇಳಿಯುತ್ತದೆ. ಮನೆಯವರು ಹಿಗ್ಗಿದ ಮೊದಲಿನ ಕಿಲೋಗಳಲ್ಲಿ ಒಂದು ದೊಡ್ಡ ಭಾಗವು ನೀರೇ. ಗಡಿಗೆ ಬರಿದಾದ ಮೇಲೆ ಹಗೇವಿನ ಬಾಯಿ ತೆರೆಯಬೇಕು, ಎಂದರೆ ಕೊಬ್ಬು ಕರಗಬೇಕು. ಹಗೇವನ್ನು ಬಲ್ಲವರಿಗೆ ಗೊತ್ತು, ಅದರ ಬಾಯಿ ತೆರೆದ ಕೂಡಲೆ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಾರೆ. ಅಲ್ಲಿಂದ ಮುಂದಿನ ಕೆಲಸ ನಿಧಾನ. ಇದೇ ವೇಳೆಗೆ ಶರೀರವು ಒಂದಿಷ್ಟು ನೀರನ್ನು ತಿರುಗಿ ಹಿಡಿದುಕೊಳ್ಳುತ್ತದೆ. ಕೊಬ್ಬು ಇಳಿಯುತ್ತಿದ್ದರೂ ನೀರು ಸೇರಿಕೊಂಡು ಅಂಕಿಯು ನಿಂತಂತೆ ತೋರುತ್ತದೆ. ಎರಡನೆಯ ವಾರದಿಂದ ಆರನೆಯ ವಾರದೊಳಗೆ ಇಂಥ ನಿಲುಗಡೆಯು ಬಹುಪಾಲು ಜನಕ್ಕೆ ಬರುತ್ತದೆ, ಕೆಲವರಿಗೆ ಒಂದೆರಡು ವಾರ, ಕೆಲವರಿಗೆ ಮೂರು. ಮುಂದೆಯೂ ಆಗಾಗ ಬರುವುದುಂಟು.

ಉಪವಾಸದಿಂದ ಅಂಕಿಯನ್ನು ಅಲುಗಿಸುವೆನೆಂದರೆ ಆಗುವುದೇನು? 1944-45ರಲ್ಲಿ ಅಮೇರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ಪಂಡಿತನು 36 ಮಂದಿ ಆರೋಗ್ಯವಂತ ಯುವಕರಿಗೆ, ಅವರು ಒಪ್ಪಿ ಬಂದ ಮೇಲೆ, 24 ವಾರ ಅರೆಹೊಟ್ಟೆಯ ಊಟ ಕೊಟ್ಟು ನೋಡಿದನು. ಅವರ ತೂಕ ಸುಮಾರು ಕಾಲು ಪಾಲು ಇಳಿಯಿತು. ಅದರೊಡನೆ, ಸುಮ್ಮನೆ ಮಲಗಿರುವಾಗ ಶರೀರವು ವ್ಯಯಿಸುವ ಶಾಖವು ಸುಮಾರು ನೂರಕ್ಕೆ ನಲವತ್ತರಷ್ಟು ತಗ್ಗಿತು. ಹೊಟ್ಟೆಗೆ ಕೊಡದಿದ್ದರೆ ಶರೀರವು ಜಿಪುಣನಾಗುತ್ತದೆ. ಅದೂ ಅಲ್ಲದೆ, ಸಸಾರಜನಕ, ಎಂದರೆ ಪ್ರೋಟೀನ್, ಸಿಗದಿದ್ದರೆ ಅದು ಮಾಂಸಖಂಡವನ್ನೇ ಒಡೆದು ತಿನ್ನುತ್ತದೆ. ಇಳಿಯಬೇಕಾದುದು ಕೊಬ್ಬು, ಇಳಿಯುವುದು ಮಾಂಸ. ಆದುದರಿಂದಲೇ ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕೆಂದು ವೈದ್ಯರು ಹಟ ಹಿಡಿಯುತ್ತಾರೆ. ಒಂದು ಹೊತ್ತಿಗೆ ನಾಲ್ಕಾರು ಚಮಚ ಹಿಡಿಸುವ ಹೊಟ್ಟೆಗೆ ಇದನ್ನು ತುಂಬಿಸುವುದು ಸುಲಭವಲ್ಲ. ನಮ್ಮ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತೆಂದು ಹೆಮ್ಮೆಪಡುತ್ತೇವೆ. ಆದರೆ ಬೇಳೆಯ ಮೇಲಿನ ತಿಳಿಯನ್ನು ಬಸಿದು ರೋಗಿಗೆ ಕೊಟ್ಟು ಗಟ್ಟಿಯನ್ನು ನಾವು ತಿಂದರೆ ಆ ತೊಗರಿಯ ಸತ್ವವು ಯಾರ ಹೊಟ್ಟೆಗೆ ಹೋಯಿತು? ಗಟ್ಟಿಯನ್ನೇ ನುಣ್ಣಗೆ ಕಡೆದು ಕೊಡಬೇಕು. ನೀರು ಬಸಿದ ಗಟ್ಟಿ ಮೊಸರು, ಹಾಲು, ಮೆತ್ತಗಿನ ಪನೀರು, ತಿನ್ನುವ ಮನೆಯಾದರೆ ಬೇಯಿಸಿ ಹಿಸುಕಿದ ಮೊಟ್ಟೆ (ಒಂದು ಮೊಟ್ಟೆಯಲ್ಲಿ ಆರು ಗ್ರಾಮು), ಇವನ್ನು ದಿನಕ್ಕೆ ಆರು ಸಾರಿಯಾಗಿ ಹಂಚಬೇಕು. ಅಷ್ಟರಿಂದಲೂ ಲೆಕ್ಕ ತುಂಬದೆಂದೇ ಪ್ರೋಟೀನ್ ಪುಡಿ. ಕಟಕ್ ರೊಟ್ಟಿಯ ಮಾತು ಸದ್ಯಕ್ಕೆ ಬೇಡ. ನೀರನ್ನು ಊಟದೊಡನೆ ಕುಡಿಯದೆ ಅರ್ಧ ತಾಸು ಬಿಟ್ಟು, ಗುಟುಕು ಗುಟುಕಾಗಿ, ದಿನಕ್ಕೆ ಒಂದೂವರೆ ಲೀಟರಿನವರೆಗೆ. ಬಿ-12, ಕಬ್ಬಿಣ, ಸುಣ್ಣದ ಅಂಶ ಮೊದಲಾದವುಗಳ ಗುಳಿಗೆಗಳು ತಿಂಗಳೆರಡು ತಿಂಗಳಿನವಲ್ಲ, ಜೀವಮಾನದವು. ಉಷ್ಣವೆಂದು ಬಿಡತಕ್ಕವಲ್ಲ.

ಅಂಕಿಯು ನಿಂತದ್ದೆಲ್ಲವೂ ನಿರಪಾಯವೆಂದೂ ನಾನು ಹೇಳಲಾರೆ. ಶರಬತ್ತು, ಸಕ್ಕರೆ ಹಾಕಿದ ಚಹಾ, ಬಾಯಲ್ಲಿ ಕರಗುವ ಸಿಹಿಗಳು, ಇವು ಸಣ್ಣ ಹೊಟ್ಟೆಯಲ್ಲಿಯೂ ಜಾರಿ ಹೋಗುತ್ತವೆ. ಒಂದು ತಿಂಗಳಿಗೂ ಮೀರಿ ತೂಕ ಕದಲದಿದ್ದರೆ ತಿಂದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದುಕೊಂಡು ವೈದ್ಯರ ಬಳಿಗೆ ಹೋಗತಕ್ಕದ್ದು. ನಿಲ್ಲದ ವಾಂತಿ, ಜ್ವರ, ವೇಗದ ನಾಡಿ, ಹೊಟ್ಟೆಯ ಅಥವಾ ಎಡಭುಜದ ನೋವು, ಉಸಿರಾಟದ ತೊಂದರೆ, ಒಂದು ಕಾಲಿನ ಬಾವು, ಕಪ್ಪು ಮಲ, ಇವು ಕಂಡರಂತೂ ನಾಳೆ ಎನ್ನದೆ ಅಂದೇ ಹೋಗಬೇಕು.

ಎಷ್ಟು ಇಳಿಯಬೇಕೆಂಬುದರಲ್ಲಿಯೂ ಮನೆಯವರ ಲೆಕ್ಕವು ತಪ್ಪಿದ್ದಿತು. ಎರಡು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದು ಮದುವೆಯ ಕಾಲದ ಹುಡುಗಿಯಾಗುವಳೆಂದು ಅವಳ ಅತ್ತೆಯವರು ನಂಬಿದ್ದರು. ಸ್ಲೀವ್ ಆದವರಿಗೆ ಒಂದು, ಒಂದೂವರೆ ವರ್ಷದಲ್ಲಿ ಒಟ್ಟು ತೂಕದ ಸುಮಾರು ಕಾಲು ಪಾಲು ಇಳಿಯುವುದು ವಾಡಿಕೆ. ನನ್ನ ತಂಗಿಯ ಲೆಕ್ಕದಲ್ಲಿ ಅದು ಎಂಬತ್ತೈದರ ಆಜುಬಾಜು. ಅದರಿಂದೇನು ಲಾಭವೆಂದರೆ, ಸ್ವೀಡನ್ ದೇಶದಲ್ಲಿ 1987ರಿಂದ ಆರಂಭಿಸಿ ನಾಲ್ಕು ಸಾವಿರಕ್ಕೆ ಮೇಲ್ಪಟ್ಟು ಜನರನ್ನು ವರ್ಷಾನುವರ್ಷ ನೋಡುತ್ತ ಬಂದಿದ್ದಾರೆ. ಇಂಥ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಸಾವುಗಳು ಕಡಿಮೆಯಾದುವೆಂದು 2007ರಲ್ಲಿ ಪ್ರಕಟಿಸಿದರು. ಅವರಲ್ಲಿ ಬಹುಜನರು ತೆಳ್ಳಗಿನವರೇನೂ ಆಗಿರಲಿಲ್ಲ. ನನ್ನ ತಂಗಿಗೆ ಈಗಲೇ ಸಕ್ಕರೆ ರೋಗದ ಸೂಜಿ ನಿಂತು ಒಂದು ಗುಳಿಗೆಗೆ ಇಳಿದಿದೆ. ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಏತಕ್ಕೆಂದರೆ ಅದು ಕಾಟಾದ ಮೇಲೆ ಕಾಣುವುದಿಲ್ಲ.

ತೂಕವನ್ನು ವಾರಕ್ಕೊಮ್ಮೆ, ಅದೇ ಯಂತ್ರದ ಮೇಲೆ, ಬೆಳಗ್ಗೆ ಬಹಿರ್ದೆಸೆಗೆ ಹೋಗಿ ಬಂದ ಮೇಲೆ ನೋಡಿದರೆ ಸಾಕು. ಉಟ್ಟ ಸೀರೆಯೇ ಅರ್ಧ ಕಿಲೋ ತೂಗುತ್ತದೆ. ಮುಟ್ಟಿನ ದಿನಗಳಲ್ಲಿ, ಮಲಬದ್ಧತೆಯಿದ್ದಾಗ ಒಂದೆರಡು ಕಿಲೋ ಹೆಚ್ಚು ತೋರಿದರೂ ಆಶ್ಚರ್ಯವಿಲ್ಲ. ಆಸ್ಪತ್ರೆಯ ಕಾಟಾಕ್ಕೂ ತೊಗರಿಯ ಕಾಟಾಕ್ಕೂ ಎಂದೂ ತಾಳೆಯಾಗಲಾರದು.

ಅಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿನಲ್ಲಿ ಎಲ್ಲರೂ ಊಟಕ್ಕೆ ಕುಳಿತರು. ಸಜ್ಜೆಯ ರೊಟ್ಟಿ, ಭಜ್ಜಿ, ಎಳ್ಳಿನ ಹೋಳಿಗೆ, ಶೇಂಗಾದ ಹಿಂಡಿ. ಅಲ್ಲಿ ನೆರೆದ ಬಂಧುಗಳ ವಿಚಿತ್ರವನ್ನು ಏನೆಂದು ಹೇಳಲಿ! "ಇಷ್ಟ ಯಾಕ ತಿಂತೀ, ಇನ್ನೊಂದು ಹೋಳಿಗಿ ಹಾಕಿಸಿಕೊ" ಎಂದು ಒತ್ತಾಯ ಮಾಡಿದ ಬಾಯಿಯೇ ಮರುಕ್ಷಣದಲ್ಲಿ, "ಅಷ್ಟು ರೊಕ್ಕ ಹಾಕಿದ್ರೂ ಏನೂ ಇಳದಂಗ ಕಾಣಂಗಿಲ್ಲಲ್ಲ" ಎನ್ನುತ್ತಿದ್ದಿತು. ಭಜ್ಜಿಯಲ್ಲಿ ಕಾಳುಗಳಿರುವುದರಿಂದ ಅದನ್ನೇ ನುಣ್ಣಗೆ ಹಿಸುಕಿ ಬಟ್ಟಲಲ್ಲಿ ಕೊಟ್ಟಿದ್ದೆವು. ತಂಗಿಯು ಸಣ್ಣ ಚಮಚದಿಂದ ಕಾಲು ತಾಸು ತಿಂದಳು. ವಾಂತಿಯಾಗಲಿಲ್ಲ. ದೂರದ ಬೀಗರೊಬ್ಬರು ಮತ್ತೆ "ಎಷ್ಟು ಕಿಲೋ ಇಳಿದೀಯವ್ವಾ?" ಎಂದು ಕೇಳಿದಾಗ ಅವಳ ಅತ್ತೆಯವರೇ ಅಡ್ಡ ಬಂದು, "ತೊಗರಿ ಎಷ್ಟು ಚೀಲ ಆಗ್ಯಾವ ಅದನ್ನ ಕೇಳ್ರಿ, ಹೇಳ್ತೀನಿ" ಎಂದರು. ಹೈದರಾಬಾದಿಗೆ ಆಕೆಯೂ ಬಂದಿದ್ದರು. ಸೊಸೆಯ ಕೈಗೆ ಸೂಜಿ ಚುಚ್ಚಿ ಮಲಗಿಸಿದಾಗ ಹಾಸಿಗೆಯ ಬದಿಗೆ ಮಾತಿಲ್ಲದೆ ಕುಳಿತಿದ್ದರು.

ಮರುದಿನ ಬಳೆಗಾರ್ತಿ ಬಂದಳು. ತಂಗಿಯು ಮೊದಲಿನ ಅಳತೆಯಂತೆ ಎರಡು-ಹತ್ತರ ಬಳೆಗಳನ್ನು ಕೇಳಿದಳು. ಏರಿಸಿದ ಬಳೆಗಳು ಕೈ ಕೆಳಗೆ ಮಾಡಿದ ಕೂಡಲೆ ಸರ್ರನೆ ಜಾರಿ ಬೆರಳಿನ ಗಂಟಿಗೆ ಬಂದುವು. ಬಳೆಗಾರ್ತಿಯು ಅವಳ ಕೈಯನ್ನು ಹಿಡಿದು ಹಿಚುಕಿ ನೋಡಿ, "ಇವು ನಿಮಗ ಈಗ ದೊಡ್ಡವು ಆಗ್ತಾವ, ಎರಡು-ಎಂಟರವು ಹಾಕ್ತೀನಿ" ಎಂದಳು. ಎಂಟರವು ಸ್ವಲ್ಪ ಸಾಬೂನು ಹಚ್ಚಿದ ಮೇಲೆ ಏರಿದುವು. ಕೈ ತುಂಬ ಹಸಿರು ಬಳೆ ತೊಟ್ಟ ತಂಗಿಯು ನೆಲದ ಮೇಲಿನಿಂದ, ಯಾರ ಆಸರೆಯೂ ಇಲ್ಲದೆ, ಒಂದು ಕೈಯೂರಿ ಎದ್ದಳು. ಹಾಗೆ ಎದ್ದುದು ಅವಳ ಗಮನಕ್ಕೂ ಬಂದಂತಿರಲಿಲ್ಲ. ನಾನು ಹೇಳಲಿಲ್ಲ. ಅವಳ ಯಜಮಾನರು ಅಂಗಳದಲ್ಲಿ ಚೀಲಗಳ ಮೇಲೆ ಕಾಟಾವನ್ನೂ ಏರಿಸಿ ಹಗ್ಗ ಬಿಗಿಯುತ್ತಿದ್ದರು. ಅಣ್ಣನ ಹೊಲದಲ್ಲಿಯೂ ರಾಶಿ ನಡೆದಿದೆ, ಹದಿನೈದು ದಿನ ಕಾಟಾ ಅಲ್ಲಿಯೇ ಇರಲಿ ಎಂದರು.

ಕೆಮ್ಮು ನೆಗಡಿಗಳ ವಿಷಯ ಮುಂದಿನ ತಿಂಗಳು.